ಅವ್ವನ ಎದೆಯಲ್ಲಿ ಕಂಡ ಬೆಳಕು

ಬೆಳಿಗ್ಗೆ ಅವ್ವನ ಮುಖ ಬಾತಿರುತ್ತಿತ್ತು. ಬಗ್ಗಿ ರೊಟ್ಟಿ ಬಡಿಯುವಾಗ ಕುತ್ತಿಗೆಯ ನರಗಳು ಉಬ್ಬುತ್ತಿದ್ದವು. ಹಳಿಯಾಳದ ಡಾಕ್ಟರು ಥೈರಾಯ್ಡ್ ಇರಬಹುದೆಂದರು. ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದೆವು. ಎದೆಗೂಡಿನ ನಡುವೆ ಗಡ್ಡೆಯೊಂದು ಕೂತಿತ್ತು.

ಚೂರು ತೆಗೆದು ಪರೀಕ್ಷಿಸಿದರು. ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್.

ಕೀಮೋ ಆಯಿತು. ಕೂದಲು ಹೋಯಿತು, ಬಾವು ಇಳಿಯಿತು. ಆದರೆ ಗಡ್ಡೆಯಿದ್ದ ಜಾಗದಲ್ಲಿ ಬೂದು ನೆರಳು ಉಳಿದಿತ್ತು. ಅದು ಸತ್ತ ಗಡ್ಡೆಯ ಕಲೆಯೋ, ಇನ್ನೂ ಜೀವ ಹಿಡಿದಿರುವ ಗಡ್ಡೆಯೋ, ಸಿಟಿಯೊಂದರಿಂದಲೇ ಹೇಳಲು ಆಗುವುದಿಲ್ಲ ಎಂದರು. ಅದಕ್ಕೆ ಪೆಟ್-ಸಿಟಿ ಎಂಬ ಇನ್ನೊಂದು ಸ್ಕ್ಯಾನ್ ಬೇಕೆಂದರು. ಬೆಂಗಳೂರಿಗೆ ಹೋದೆವು.

ಅಲ್ಲಿನ ಡಾಕ್ಟರು ನಿಧಾನವಾಗಿ ವಿವರಿಸಿದರು. ಸಕ್ಕರೆಯಂಥ ಔಷಧವನ್ನು ನರಕ್ಕೆ ಕೊಡುತ್ತಾರೆ. ಜೀವವಿರುವ ಗಡ್ಡೆ ಅದನ್ನು ಎಳೆದುಕೊಂಡು ಪೆಟ್ ಚಿತ್ರದಲ್ಲಿ ಹೊಳೆಯುತ್ತದೆ. ಆ ಚಿತ್ರವನ್ನು ಸಿಟಿಯ ಮೇಲೆ ಕೂಡಿಸಿದರೆ, ಹೊಳೆಯುತ್ತಿರುವುದು ಯಾವುದು, ಎಲ್ಲಿದೆ ಎಂದು ತಿಳಿಯುತ್ತದೆ.

ಟೆಕ್ನಿಷಿಯನ್ ಹುಡುಗಿ ಮೈಮೇಲಿನ ಬಂಗಾರ ತೆಗೆಯಲು ಹೇಳಿದಳು. ಅವ್ವ ಬೆಂಡೋಲೆ, ಬಳೆ ಬಿಚ್ಚಿ ನನ್ನ ಕೈಗಿಟ್ಟಳು.

ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಪರದೆಯ ಮೇಲೆ ಅವ್ವನ ಎದೆ. ನಟ್ಟನಡುವೆ ಕೆಂಡದಂಥ ಬೆಳಕು.

ಗಡ್ಡೆಗೆ ಇನ್ನೂ ಜೀವವಿದೆ ಎಂದುಕೊಂಡೆ.

ಡಾಕ್ಟರು ಪೆಟ್ ಚಿತ್ರ ಸರಿಸಿ ಸಿಟಿಯನ್ನಷ್ಟೇ ನೋಡಿದರು. ಮತ್ತೆ ಎರಡನ್ನೂ ಕೂಡಿಸಿದರು. ಬೆಳಕು ಗಡ್ಡೆಯಷ್ಟು ಆಳದಲ್ಲಿರಲಿಲ್ಲ, ಚರ್ಮಕ್ಕೆ ಅಂಟಿಕೊಂಡಂತಿತ್ತು. ಅದರ ಮೇಲೊಂದು ದುಂಡನೆಯ ಬಿಳಿ ವಸ್ತು.

"ಎದೆ ಮೇಲೆ ಲೋಹ ಏನಾದರೂ ಇತ್ತಾ?"

ಹೊರಗೆ ಬಂದು ಕೇಳಿದೆ. ಅವ್ವ ಗೌನಿನೊಳಗಿಂದ ಶಿವದಾರ ಎಳೆದಳು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ.

"ಎಲ್ಲಾ ತಗದೀನಿ ಅಂದಿದ್ದೆಲ್ಲ ಯವ್ವಾ?"

"ಆಕಿ ಬಂಗಾರ ತಗೀರಿ ಅಂದ್ಲು. ಇದು ಬೆಳ್ಳಿ ಐತಿ."

"ಹುಡುಗಾಟ ಮಾಡಬ್ಯಾಡ."

"ಲಿಂಗಾ ಕಟ್ಟಿದಾಗಿಂದ ಮೈ ಬಿಟ್ಟಿಲ್ಲ. ಈಗ ಸಾಯೂ ಹೊತ್ತಿಗೆ ಬಿಡ್ಲೇನು?"

ಲೋಹ ಅಡ್ಡ ಬಂದರೆ ಯಂತ್ರ ಅದರ ಕೆಳಗಿನ ಹೊಳಪನ್ನು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದಂತೆ. ಔಷಧ ಇನ್ನೂ ಮೈಯಲ್ಲಿದೆ, ಎದೆಯಷ್ಟನ್ನು ಮತ್ತೆ ತೆಗೆಯೋಣ ಎಂದರು ಡಾಕ್ಟರು. ಹೇಗೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಮಲಗಬೇಕು, ಅಂಗೈ ಎದೆಯಿಂದ ದೂರವೇ ಇರುತ್ತದೆ. ಕರಡಿಗೆ ಬಿಟ್ಟು ಲಿಂಗವನ್ನಷ್ಟೇ ಬಟ್ಟೆಯಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದುಕೊಳ್ಳಲಿ ಎಂದು ಅವರೇ ಸೂಚಿಸಿದರು. ಅವ್ವ ಒಪ್ಪಿದಳು.

ಈ ಸಲ ಕೆಂಡ ಇರಲಿಲ್ಲ. ಹಳೆಯ ನೆರಳು ತಣ್ಣಗಿತ್ತು.

ನಾನು ಉಸಿರು ಬಿಡುವಷ್ಟರಲ್ಲಿ ಡಾಕ್ಟರ ಬೆರಳು ನೆರಳಿನ ಹಿಂದಿನ ಅಂಚಿಗೆ ಸರಿಯಿತು. ಅಲ್ಲಿ ಕಡಲೆ ಕಾಳಿನಷ್ಟು ಹೊಳಪು. ಮೊದಲ ಚಿತ್ರದಲ್ಲೂ ಇತ್ತು. ಆ ದೊಡ್ಡ ಬೆಳಕಿನ ಮುಂದೆ ನಾನು ಅದನ್ನು ನೋಡಿರಲಿಲ್ಲ.

"ಇದು ಲೋಹದ್ದಲ್ಲ, ಗಡ್ಡೆಯದೇ," ಎಂದರು.

ಜಾಗ ಇಷ್ಟು ಖಚಿತವಾಗಿ ಸಿಕ್ಕಿದ್ದರಿಂದ ಅಷ್ಟಕ್ಕೇ ಗುರಿಯಿಟ್ಟು ರೇಡಿಯೇಷನ್ ಕೊಡಬಹುದು ಎಂದರು. ಅದನ್ನು ಒಳ್ಳೆಯ ಸುದ್ದಿ ಎಂದು ತಿಳಿಯಲು ನನಗೆ ಊರಿನವರೆಗಿನ ದಾರಿಯೇ ಬೇಕಾಯಿತು.

ಈಗ ಹುಬ್ಬಳ್ಳಿಯಲ್ಲಿ ರೇಡಿಯೇಷನ್ ನಡೆದಿದೆ. ಅವ್ವನ ಎದೆಯ ಮೇಲೆ ಶಾಯಿಯ ಗೆರೆಗಳಿವೆ, ಅಳಿಸಬಾರದು.

"ಹೊಲಕ್ಕ ಬಾಂದಕಲ್ಲು ಹಾಕಿದಂಗ ಹಾಕ್ಯಾರ ನೋಡು," ಎಂದಳು ನಿನ್ನೆ. ಗೆರೆಯೊಂದರ ಪಕ್ಕ ಬೆರಳಿಟ್ಟು ಕೇಳಿದಳು: "ಹದ್ದು ಎಲ್ಲೈತಿ ಅಂತ ಆ ಗಡ್ಡಿಗೆ ಗೊತ್ತೈತೇನ?"

ಗೆರೆಗಳಿಗೆ ನೀರು ತಾಗದಂತೆ ಒದ್ದೆ ಬಟ್ಟೆಯಿಂದ ಅವಳ ಬೆನ್ನು ಒರೆಸಿದೆ. ಬೆನ್ನು ಬೆಚ್ಚಗಿತ್ತು.