ಹಾಚಿಪುಕಾ ಮತ್ತು ನಾಲ್ಕನೇ ಬಟನ್

ಚಿಕೋಂಡೊ ಸಕ್ಕರೆ ಕಾರ್ಖಾನೆಯಲ್ಲಿ ಹಾಚಿಪುಕಾ ಇಪ್ಪತ್ತೊಂದು ವರ್ಷದಿಂದ ಎಲೆಕ್ಟ್ರಿಷಿಯನ್. ನಾನು ಅಲ್ಲೇ ಫಿಟ್ಟರ್, ಕಾಲೋನಿಯಲ್ಲಿ ಅವನ ಪಕ್ಕದ ಮನೆ. ಅವನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಇದ್ದಾರು, ಆದರೆ ಅವರಿಗೆ ವಿಷಯ ಗೊತ್ತಿಲ್ಲ.

ಅವನದು ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಕಬ್ಬು ಸಾಗಿಸುವ ಚೈನಿನ ಹಳೆಯ ಬಟನ್ ಪೆಟ್ಟಿಗೆ ಕಿತ್ತು, ಪುಟ್ಟ ಪರದೆ, ಅದರ ಕೆಳಗೆ ಎಂಟು ಬಟನ್ ಇರುವ ಟರ್ಮಿನಲ್ ಕೂರಿಸಿದಾಗ ಅದನ್ನು ಸಿದ್ಧ ಮಾಡಿದವನು ಅವನೇ. ಆ ಬಟನ್‌ಗಳಿಗೆ ತಮ್ಮಷ್ಟಕ್ಕೆ ತಾವೇ ಏನೂ ಗೊತ್ತಿರುವುದಿಲ್ಲ. ಒಂದೊಂದೂ ಮೋಟಾರು ನಡೆಸುವ ಕಂಟ್ರೋಲರಿನ ಯಾವ ವಿಳಾಸಕ್ಕೆ ಸುದ್ದಿ ಮುಟ್ಟಿಸಬೇಕು, ಹೇಗೆ ಮುಟ್ಟಿಸಬೇಕು ಎಂದು ಲ್ಯಾಪ್‌ಟಾಪಿನಲ್ಲಿ ಬರೆದುಕೊಡಬೇಕು. ನಾಲ್ಕನೆಯದು ಚೈನನ್ನು ಇಂಚಿಂಚಾಗಿ ಸರಿಸುವ ಬಟನ್. ಒತ್ತಿ ಹಿಡಿದಷ್ಟು ಹೊತ್ತು ಚೈನು ಸರಿಯಬೇಕು, ಬೆರಳು ತೆಗೆದರೆ ನಿಲ್ಲಬೇಕು. ಹಾಗೆಯೇ ಬರೆದಿದ್ದ.

ಚೈನು ನಡೆಸುವ ಮುನ್ಸಾಕಾಗೆ ಇದು ಹಿಡಿಸಲಿಲ್ಲ. ಕಬ್ಬು ಸಿಕ್ಕಿಕೊಂಡಾಗ ಬಟನ್ ಒತ್ತಿಕೊಂಡೇ ನಿಂತಿರಬೇಕು, ಎಲ್ಲಿ ಸಿಕ್ಕಿದೆ ಎಂದು ಹೋಗಿ ನೋಡುವಂತಿಲ್ಲ. ಬೇರೆ ಯಾರಾದರೂ ಬದಲಿಸು ಎಂದಿದ್ದರೆ ಹಾಚಿಪುಕಾ ಆಗುವುದಿಲ್ಲ ಎನ್ನುತ್ತಿದ್ದ. ಆದರೆ ಮುನ್ಸಾಕಾ ಹಕ್ಕಿ ಕುಲದವನು, ಇವನು ಆಡಿನ ಕುಲದವನು. ನಮ್ಮ ತೋಂಗಾ ಜನರಲ್ಲಿ ಈ ಎರಡು ಕುಲದವರು ರಕ್ತಸಂಬಂಧ ಇಲ್ಲದೆಯೂ ಭಾವಂದಿರು. ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಕೇಳಿದ್ದನ್ನು ಕೊಡದಿದ್ದರೆ ಮಾನ ಹೋಗುತ್ತದೆ. ಒಮ್ಮೆ ಮುನ್ಸಾಕಾ ಇವನ ಟೋಪಿಯನ್ನು ತಲೆಯಿಂದಲೇ ಎತ್ತಿಕೊಂಡು ಹೋಗಿ ಮಳೆಗಾಲವಿಡೀ ಹಾಕಿಕೊಂಡಿದ್ದ.

ಒಂದು ಮಧ್ಯಾಹ್ನ ಊಟಕ್ಕೆ ಕೂತವರ ಮುಂದೆಯೇ ಶುರು ಮಾಡಿದ. "ಏನ್ ಭಾವ, ಆಡಿನ ಕೈಗೆ ಬಟನ್ ಕೊಟ್ರೆ ಹಿಂಗೇ ಆಗೋದು. ಒಂದ್ಸಲ ಒತ್ತಿದ್ರೆ ಓಡ್ಲಿ, ಇನ್ನೊಂದ್ಸಲ ಒತ್ತಿದ್ರೆ ನಿಲ್ಲಲಿ. ನನ್ ಹೆಬ್ಬೆರಳೇನು ನಿಮ್ಮಪ್ಪನ ಆಸ್ತೀನಾ?"

ಎಲ್ಲರೂ ನಕ್ಕರು. ಹಾಚಿಪುಕಾ ಕೈ ತೊಳೆದು ಬಂದು ಲ್ಯಾಪ್‌ಟಾಪ್ ತೆರೆದು ಒಂದೇ ಒಂದು ಸಾಲು ಬದಲಿಸಿದ. ಎರಡು ನಿಮಿಷದ ಕೆಲಸ. ಪಕ್ಕದಲ್ಲಿ ಬೇರಿಂಗಿಗೆ ಗ್ರೀಸ್ ಹಾಕುತ್ತಿದ್ದ ನನಗೆ ಇದು ಸರಿಯಲ್ಲ ಅನಿಸಿತು. ಹೇಳಲಿಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ಚೈನು ಸಿಕ್ಕಿಕೊಂಡಿತು. ಮುನ್ಸಾಕಾ ನಾಲ್ಕನೆಯದನ್ನು ಒಮ್ಮೆ ಒತ್ತಿದ. ಕಬ್ಬು ಬಿಗಿಯಾಗಿದ್ದರಿಂದ ಚೈನು ಅಲ್ಲಾಡಲಿಲ್ಲ. ಹಳೆಯ ಅಭ್ಯಾಸದಲ್ಲಿ, ಬೆರಳು ತೆಗೆದಿದ್ದೇನಲ್ಲ, ನಿಂತಿದೆ ಎಂದುಕೊಂಡನೋ ಏನೋ, ಇನ್ನೊಮ್ಮೆ ಒತ್ತದೆ ಕೊಕ್ಕೆ ಹಿಡಿದು ಚೈನಿನ ಮೇಲೆ ಇಳಿದ. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿಯೇ ಇಳಿಯಬೇಕೆಂಬುದು ನಿಯಮ. ಹಾಕಿರಲಿಲ್ಲ. ಕಬ್ಬು ಬಿಡಿಸಿದ ಕೂಡಲೇ ಚೈನು ಹೊರಟಿತು.

ನಾವು ನಾಲ್ಕು ಜನ ಅವನನ್ನು ಹೊರಗೆ ತೆಗೆದೆವು. ತಿರುಗಿ ನೋಡಿದರೆ ಹಾಚಿಪುಕಾ ಟರ್ಮಿನಲ್ ಮುಂದೆ ಕೂತು ಆ ಸಾಲನ್ನು ಮೊದಲಿನಂತೆ ಮಾಡುತ್ತಿದ್ದ. ಯಾಕೆ ಎಂದು ಕೇಳಿದೆ. ಸರಿ ಮಾಡುತ್ತಿದ್ದೇನೆ ಎಂದ. ಅವನ ಮುಖದಲ್ಲಿ ಏನೂ ಇರಲಿಲ್ಲ. ನನಗೂ ಏನೂ ಅನಿಸಲಿಲ್ಲ, ಕೈ ತೊಳೆಯಬೇಕು ಎಂಬುದನ್ನು ಬಿಟ್ಟು.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದ. ನಾಲ್ಕನೆಯದನ್ನು ಹತ್ತು ಸಲ ಒತ್ತಿ ಬಿಟ್ಟು ನೋಡಿದ. ಬಟನ್ ಸರಿಯಾಗಿದೆ, ತಪ್ಪು ಸತ್ತವನದೇ ಎಂದು ಬರೆದುಕೊಂಡ. ಹಾಗೆ ಬರೆದರೆ ಮುನ್ಸಾಕಾನ ಹೆಂಡತಿ ಚಿಪೆಗೊಗೆ ಪರಿಹಾರ ಸಿಗುವುದಿಲ್ಲ, ತಿಂಗಳೊಳಗೆ ಕಾಲೋನಿಯ ಮನೆ ಬಿಡಬೇಕು. ಇದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು.

ನಮ್ಮಲ್ಲಿ ಸಾವಿನ ಮನೆಯಲ್ಲಿ ನಗಿಸುವವನು ಭಾವನ ಕುಲದವನೇ. ಸತ್ತವನನ್ನು ಹಂಗಿಸಬೇಕು, ಇಲ್ಲದ ಸುಳ್ಳು ಹೇಳಬೇಕು, ಅಳುವವರನ್ನು ನಗಿಸಬೇಕು. ಹೆಂಗಸರು ಹಾಚಿಪುಕಾನನ್ನು ಎಳೆದು ತಂದು ಅಂಗಳದ ನಡುವೆ ನಿಲ್ಲಿಸಿದರು.

"ಇವನನ್ನ ಕೊಂದಿದ್ದು ನಾನು," ಎಂದ. "ನಾಲ್ಕನೇ ಬಟನ್ ಬದಲಾಯಿಸ್ದೋನು ನಾನು. ಇನ್ಸ್‌ಪೆಕ್ಟರ್ ಬರೋಕ್ ಮುಂಚೆ ಮೊದಲಿನ ಹಂಗೆ ಮಾಡ್ದೋನೂ ನಾನೇ."

ಮುನ್ಸಾಕಾನ ಅತ್ತೆ ಅಂದಳು, "ಆಡಿನ ಜಂಬ ನೋಡ್ರೇ. ನಮ್ ಹಕ್ಕೀನ ಹೊಡೆಯೋಕೆ ಇವನ ಕೈಲಾಗತ್ತಾ?"

ನಗು ಉಕ್ಕಿತು. ನಿಜ ಹೇಳುತ್ತಿದ್ದೇನೆ ಎಂದ ಅವನು. ಇನ್ನೂ ನಕ್ಕರು. ಮೂರನೆಯ ಸಲ ಹೇಳುವಾಗ ಯಾರೋ ಅವನ ಮುಖಕ್ಕೆ ಜೋಳದ ಹಿಟ್ಟು ಮೆತ್ತಿದರು. ಎರಡು ದಿನದಿಂದ ನೀರು ಮುಟ್ಟದಿದ್ದ ಚಿಪೆಗೊ ಹೊದ್ದ ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹಾಚಿಪುಕಾ ನನ್ನ ಕಡೆ ನೋಡಿದ. ನಾನು ಎದ್ದು ಹೌದು ಎಂದಿದ್ದರೆ ಸಾಕಿತ್ತು. ಎಲ್ಲರ ಜೊತೆ ನಾನೂ ನಕ್ಕೆ. ಆ ನಗುವಿಗಾಗಿ ನನ್ನನ್ನು ನಾನು ಕ್ಷಮಿಸಿಲ್ಲ.

ಮರುವಾರ, ಕಚೇರಿಗೆ ಹೋಗಿ ಹೇಳೋಣ, ನಾನೂ ಬರುತ್ತೇನೆ ಎಂದೆ. ಎಲ್ಲರ ಮುಂದೆ ಹೇಳಿ ಆಯಿತಲ್ಲ ಎಂದ. ನಾನೊಬ್ಬನೇ ಹೋಗಿಯೂ ಹೇಳಲಿಲ್ಲ. ಅವನು ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ತಟ್ಟೆಯಲ್ಲಿ ಇಟ್ಟದ್ದನ್ನು ತಿನ್ನುತ್ತಿದ್ದ.

ತಿಂಗಳ ಕೊನೆಗೆ ಚಿಪೆಗೊ ಸಾಮಾನು ಸಾಗಿಸಲು ಲಾರಿ ಬಂತು. ಮಂಚ, ಪಾತ್ರೆಗಳನ್ನೆಲ್ಲ ಹಾಚಿಪುಕಾ ಒಬ್ಬನೇ ಎತ್ತಿ ಹಾಕಿದ. ಹತ್ತುವ ಮುಂಚೆ ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

"ಅವತ್ತು ನೀವು ನಗಿಸದೇ ಇದ್ದಿದ್ರೆ ನಾನು ಅವರ ಹಿಂದೇನೇ ಹೋಗ್ಬಿಡ್ತಿದ್ದೆ, ಭಾವ."

ಅವನು ತಲೆಯಾಡಿಸಿ, ಕೈ ಬಿಡಿಸಿಕೊಂಡು, ಲಾರಿಯ ಹಗ್ಗ ಬಿಗಿದ.