ಕಣ್ಣಿಗೆ ಸಿಡಿದ ಸುಣ್ಣ, ನಾನು ಉರುಳಿಸಿದ ತಂಬಿಗೆ

ಕೊರೋನಾ ಮುಗಿದು ಸಂತೆಗಳು ಮತ್ತೆ ಮೊದಲಿನಂತೆ ನೆರೆಯತೊಡಗಿದ ವರ್ಷವದು. ನಾನು ಸವಣೂರಿನಲ್ಲಿ ಎಲೆಗೆ ಹಚ್ಚುವ ಸುಣ್ಣ ಮಾಡಿ ಮಾರುತ್ತಿದ್ದೆ. ಹುದ್ದೆ ಎಂದು ಹೇಳಿಕೊಳ್ಳುವಂಥ ಕೆಲಸವಲ್ಲ. ಆದರೂ ಆ ಹೊತ್ತಿಗೆ ನಲವತ್ತೆರಡು ವರ್ಷ ಅದನ್ನೇ ಮಾಡಿದ್ದೆ. ಸುಣ್ಣದ ವಿಷಯದಲ್ಲಿ ನನಗೆ ಎದುರು ಹೇಳುವವರು ಊರಲ್ಲಿ ಯಾರೂ ಇರಲಿಲ್ಲ. ಕೆಟ್ಟದ್ದಾದದ್ದು ಅದರಿಂದಲೇ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಬರೆಯುವುದು ನಿಧಾನ, ಆದರೆ ಬರೆಯುತ್ತಿರುವುದು ನಾನೇ.

ಮೊದಲು ಕೆಲಸ ಹೇಗೆಂದು ಹೇಳುತ್ತೇನೆ. ಅದು ತಿಳಿಯದಿದ್ದರೆ ನಾನು ಮಾಡಿದ ತಪ್ಪೂ ತಿಳಿಯುವುದಿಲ್ಲ.

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಡುತ್ತಾರೆ. ಕಲ್ಲಿನೊಳಗಿನ ಗಾಳಿ ಹೊರಟುಹೋಗಿ ಅದು ಹಗುರಾಗುತ್ತದೆ. ಇದು ಸುಟ್ಟ ಸುಣ್ಣ. ನಾವು ಅದನ್ನು ಚೀಲದಲ್ಲಿ ತಂದು, ಕಲ್ಲಿನ ತೊಟ್ಟಿಯಲ್ಲಿ ಸುರಿದು ನೀರು ಹಾಕುತ್ತೇವೆ. ಕೆಳಗೆ ಒಂದು ಕಡ್ಡಿ ಉರಿ ಇಲ್ಲದಿದ್ದರೂ ನೀರು ಕೊತಕೊತ ಕುದಿಯುತ್ತದೆ. ಕಲ್ಲು ಬಿರಿದು ಬಿಳಿ ಹಿಟ್ಟಾಗುತ್ತದೆ. ಇದು ಅರಳಿದ ಸುಣ್ಣ. ಬಟ್ಟೆಯಲ್ಲಿ ಸೋಸಿ, ಹರವಿ ಎಂಬ ದೊಡ್ಡ ಮಣ್ಣಿನ ಗಡಿಗೆಯಲ್ಲಿ ವಾರಗಟ್ಟಲೆ ನೆನೆಯಲು ಬಿಟ್ಟರೆ ಬೆಣ್ಣೆಯಂತಾಗುತ್ತದೆ. ಬಾಯಿ ಮುಚ್ಚದೆ ಬಿಟ್ಟರೆ ಮೇಲೆ ಹಕ್ಕಳೆ ಕಟ್ಟುತ್ತದೆ. ಹೋದ ಗಾಳಿಯನ್ನು ಮತ್ತೆ ಎಳೆದುಕೊಂಡು ಅದು ತಿರುಗಿ ಕಲ್ಲಾಗುತ್ತದಂತೆ. ಶಿಗ್ಗಾಂವಿಯ ಕಾಲೇಜಿನಲ್ಲಿ ವಿಜ್ಞಾನ ಓದುವ ನನ್ನ ಮೊಮ್ಮಗಳು ಈ ಮೂರಕ್ಕೂ ಹೆಸರು ಹೇಳುತ್ತಾಳೆ: ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಟ್ಟದ್ದು ಕ್ಯಾಲ್ಸಿಯಂ ಆಕ್ಸೈಡ್, ಅರಳಿದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹೆಸರು ಯಾವುದಾದರೂ ಕೈಗೆ ತಾಗುವುದು ಅದೇ ಸುಣ್ಣ.

ಈ ಕೆಲಸಕ್ಕೆ ಕೂಡಿದ ದಿನ ನನ್ನ ಅತ್ತೆ ಮೂರು ಮಾತು ಹೇಳಿದ್ದಳು. ಜರ್ಮನ್ ಪಾತ್ರೆಗೆ, ಅಂದರೆ ಅಲ್ಯುಮಿನಿಯಂ ಪಾತ್ರೆಗೆ, ಸುಣ್ಣ ಹಾಕಬೇಡ, ತಿಂದುಬಿಡುತ್ತದೆ. ಸುಣ್ಣ ಇದ್ದಲ್ಲಿ ಹಸಿ ಕೈ ತರಬೇಡ, ನೀರು ಬಿದ್ದರೆ ಕುದಿಯುತ್ತದೆ. ಮೈ ಸುಟ್ಟರೆ ಸುಣ್ಣದ ತಿಳಿನೀರಿಗೆ ಎಣ್ಣೆ ಕಡೆದು ಹಚ್ಚು, ತಂಪಾಗುತ್ತದೆ. ಈ ಮೂರನ್ನೂ ನಾನು ಮರೆಯಲಿಲ್ಲ. ಮರೆತಿದ್ದರೆ ಒಳ್ಳೆಯದಿತ್ತು.

ಆ ದಿನ ಸಂತೆಯ ಹಿಂದಿನ ದಿನ. ಬೆಳಿಗ್ಗೆ ಹತ್ತರ ಸುಮಾರು. ನಾನೂ ಫಕೀರವ್ವನೂ ಅಂಗಳದಲ್ಲಿ ಕೂತು ಸಣ್ಣ ಪ್ಲಾಸ್ಟಿಕ್ ಪ್ಯಾಕೆಟ್ಟುಗಳಿಗೆ ಸುಣ್ಣ ತುಂಬಿ ದಾರ ಕಟ್ಟುತ್ತಿದ್ದೆವು. ಫಕೀರವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಗಂಡ ತೀರಿದ ಮೇಲೆ ನನ್ನ ಜೊತೆಗೇ ಕೆಲಸಕ್ಕೆ ನಿಂತವಳು. ಮಧ್ಯಾಹ್ನದ ಮೇಲೆ ಕೌದಿ, ಅಂದರೆ ಹಳೆಯ ಸೀರೆಗಳ ಹೊದಿಕೆ, ಹೊಲಿಯುತ್ತಿದ್ದಳು. ಅವಳ ಹೊಲಿಗೆ ಎಷ್ಟು ಸಣ್ಣದೆಂದರೆ ಹಾನಗಲ್ಲಿನಿಂದಲೂ ಹಳೆಯ ಸೀರೆ ಕಳಿಸುವವರಿದ್ದರು. ಎಲೆ ಮಾರುವ ದಾದಾಪೀರ ಖಾಲಿ ಬುಟ್ಟಿ ಹಿಡಿದು ಬಂದು, ಪ್ಯಾಕೆಟ್ ಒಯ್ಯಲು ಕಟ್ಟೆಯ ಮೇಲೆ ಕೂತಿದ್ದ. ಐವತ್ತು ದಾಟಿದ ಮನುಷ್ಯ. ಅವನ ಎಲೆ, ನಮ್ಮ ಸುಣ್ಣ, ಇಪ್ಪತ್ತು ವರ್ಷದಿಂದ ಜೊತೆಗೇ ಮಾರಾಟವಾಗುತ್ತಿದ್ದವು.

ಕಟ್ಟಿದ ಪ್ಯಾಕೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ನಮ್ಮ ರೂಢಿ. ಎಲ್ಲಾದರೂ ತೂತಿದ್ದರೆ ಜಿನುಗುತ್ತದೆ, ಅದನ್ನು ತೆಗೆದಿಡಬೇಕು. ಫಕೀರವ್ವನಿಗೆ ಇದನ್ನು ಕಲಿಸಿದವಳೂ ನಾನೇ. ಅವಳು ಒಂದು ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು, ಮುಖದ ಹತ್ತಿರ ತಂದು ಒತ್ತಿದಳು. ಅದು ಟಪ್ಪೆಂದು ಒಡೆದು ಒಳಗಿದ್ದ ಸುಣ್ಣವೆಲ್ಲ ಬಲಗಣ್ಣಿಗೆ ಸಿಡಿಯಿತು.

"ಯಕ್ಕಾ, ಕಣ್ಣು! ಕಣ್ಣು ಹೋತ ಯಕ್ಕಾ!" ಎಂದು ನೆಲದ ಮೇಲೆ ಉರುಳಾಡಿದಳು.

ದಾದಾಪೀರ ಒಂದೇ ನೆಗೆತಕ್ಕೆ ಬಂದ. ನನ್ನ ಪಕ್ಕದಲ್ಲಿದ್ದ ಕುಡಿಯುವ ನೀರಿನ ತಂಬಿಗೆ ಎತ್ತಿಕೊಂಡ. "ಕಣ್ಣ ತೆಗೀರಿ ಚಿಗವ್ವಾ, ನೀರ ಹಾಕ್ತೇನಿ, ತೆಗೀರಿ!"

ನಾನು ಅವನ ಕೈಗೆ ಬಡಿದೆ. ತಂಬಿಗೆ ಉರುಳಿ ನೀರೆಲ್ಲ ಅಂಗಳದ ಪಾಲಾಯಿತು.

"ಏ ಹುಚ್ಚಾ! ಸುಣ್ಣದ ಮ್ಯಾಲ ನೀರ ಹಾಕ್ತೀಯೇನು? ಕಣ್ಣ ಕುದ್ದ ಹೋಗ್ತೈತಿ!"

"ಆಯಿ, ಕಣ್ಣಾಗ ಏನ ಬಿದ್ರೂ ನೀರ ಹಾಕೂದಲ್ಲೇನ್ರಿ?"

"ಎಲಿ ಮಾರಾಂವ ಎಲಿ ಮಾರು. ಸುಣ್ಣದ ಮಾತು ನನಗ ಬಿಡು."

ಅವನು ಹಿಂದೆ ಸರಿದ. ನಲವತ್ತೆರಡು ವರ್ಷ ಸುಣ್ಣ ಮಾಡಿದವಳ ಎದುರು ಅವನಾದರೂ ಏನು ಹೇಳಬೇಕು?

ನಾನು ಒಳಗಿನಿಂದ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ತಂದು, ಅವಳ ರೆಪ್ಪೆ ಬಿಡಿಸಿ, ಕಣ್ಣು ತುಂಬ ಸುರಿದು ಮೇಲೆ ಬಟ್ಟೆ ಕಟ್ಟಿದೆ. ಸ್ವಲ್ಪ ಹೊತ್ತಿಗೆ ನರಳುವುದು ಕಡಿಮೆಯಾಯಿತು.

"ಉರಿ ಇಳೀತೇನು?" ಎಂದು ಕೇಳಿದೆ.

"ಇಳದಂಗ ಆಗೇತಿ ಯಕ್ಕಾ."

"ನೋಡಿದ್ಯಾ?" ಎಂದು ದಾದಾಪೀರನ ಕಡೆ ತಿರುಗಿದೆ. ಹೌದು, ಹಾಗೆ ಕೇಳಿದೆ. ಕೇಳಿ ಮತ್ತೆ ಕೆಲಸಕ್ಕೆ ಕೂತು ಉಳಿದ ಪ್ಯಾಕೆಟ್ಟುಗಳನ್ನು ಕಟ್ಟಿ ಮುಗಿಸಿದೆ.

ಒಂದು ತಾಸಿನ ಮೇಲೆ ಬಟ್ಟೆ ಬಿಚ್ಚಿದೆ. ಕಣ್ಣಿನ ಕರಿಗುಡ್ಡೆ ಕರಿಯಾಗಿರಲಿಲ್ಲ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಬೆಳ್ಳಗಾಗಿತ್ತು. ರೆಪ್ಪೆಯ ಸುತ್ತ ಸುಣ್ಣವೂ ಎಣ್ಣೆಯೂ ಸೇರಿ ಬಿಳಿ ಮುಲಾಮಿನಂತೆ ಮೆತ್ತಿಕೊಂಡಿತ್ತು. ಸುಟ್ಟ ಗಾಯಕ್ಕೆ ನಾನು ಕಡೆಯುವ ಮುಲಾಮು ಹೇಗಿರುತ್ತದೋ ಹಾಗೇ. ಅದನ್ನು ಅವಳ ಕಣ್ಣೊಳಗೇ ಕಡೆದಿಟ್ಟಿದ್ದೆ. ದಾದಾಪೀರ ನನ್ನನ್ನು ಏನೂ ಕೇಳದೆ ಓಡಿಹೋಗಿ ಆಟೋ ತಂದ.

ಸವಣೂರಿನ ದವಾಖಾನೆಯಲ್ಲಿ ಇದ್ದ ನರ್ಸಬಾಯಿ ವಯಸ್ಸಿನಲ್ಲಿ ನನ್ನ ಮೊಮ್ಮಗಳಷ್ಟಿದ್ದಳು. "ಎಷ್ಟೊತ್ತಾತ್ರಿ? ನೀರ ಹಾಕೀರೇನು?" ಎಂದಳು.

"ಇಲ್ಲವಾ, ಎಣ್ಣಿ ಹಾಕೇನಿ."

ಅವಳು ನನ್ನನ್ನು ಒಮ್ಮೆ ನೋಡಿ, ಫಕೀರವ್ವನನ್ನು ಮಲಗಿಸಿದಳು. ಸಲೈನ್ ಬಾಟಲಿ ತೆರೆದು ಕಣ್ಣಿಗೆ ಒಂದೇ ಸಮನೆ ಧಾರೆ ಬಿಟ್ಟಳು. ಒಂದು ಮುಗಿದರೆ ಇನ್ನೊಂದು. ರೆಪ್ಪೆ ಮಗುಚಿ, ಹತ್ತಿ ಸುತ್ತಿದ ಕಡ್ಡಿಯಿಂದ ಬಿಳಿ ಕಾಳುಗಳನ್ನು ತೆಗೆದಳು. ನಡುನಡುವೆ ಒಂದು ಕಾಗದದ ಪಟ್ಟಿಯನ್ನು ಕಣ್ಣಿನ ಮೂಲೆಗೆ ತಾಗಿಸಿ ನೋಡುತ್ತಿದ್ದಳು. ಪಟ್ಟಿ ನೀಲಿಯಾಗುತ್ತಿತ್ತು. "ನೀಲಿ ಅಂದ್ರ ಇನ್ನೂ ಸುಣ್ಣ ಐತಿ ಅಂತ," ಎಂದಳು. ಎಷ್ಟು ಬಾಟಲಿ ಖಾಲಿಯಾದರೂ ಪಟ್ಟಿ ನೀಲಿಯಾಗುವುದು ಬಿಡಲೊಲ್ಲದು. ನಾನು ಗೋಡೆ ಹಿಡಿದು ನಿಂತು ಆ ಪಟ್ಟಿಯನ್ನೇ ನೋಡುತ್ತಿದ್ದೆ. ಅಷ್ಟು ನೀರು ಬಿದ್ದರೂ ಅವಳ ಕಣ್ಣು ಕುದಿಯಲಿಲ್ಲ.

ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಕಣ್ಣಿನ ಡಾಕ್ಟರು ಒಬ್ಬ ಹೆಣ್ಣುಮಗಳು. ಪರೀಕ್ಷೆ ಮಾಡಿ ಹೊರಗೆ ಬಂದು, ಏನಾಯಿತೆಂದು ಎಲ್ಲ ಕೇಳಿಸಿಕೊಂಡರು. ನಾನು ಒಂದನ್ನೂ ಮುಚ್ಚಿಡಲಿಲ್ಲ. ನೀರು ಹಾಕಿದರೆ ಕುದಿಯುತ್ತದೆಂದು ಹಾಕಗೊಡಲಿಲ್ಲ ಎಂದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ, ಒಂದು ಪ್ರಶ್ನೆ ಕೇಳಿದರು.

"ಅಜ್ಜೀ, ಡಬ್ಬ್ಯಾಗಿನ ಸುಣ್ಣ ಗಟ್ಟಿ ಆದ್ರ ಏನ್ ಮಾಡ್ತೀರಿ?"

"ನೀರ ಹಾಕಿ ಕಲಸ್ತೇನ್ರಿ."

"ಆವಾಗ ಕುದೀತದೇನ್ರಿ?"

ನಾನು ನನ್ನ ಎರಡೂ ಕೈ ನೋಡಿಕೊಂಡೆ.

ದಿನಾ ಬೆಳಿಗ್ಗೆ ಹರವಿಯ ಸುಣ್ಣಕ್ಕೆ ನೀರು ಬೆರೆಸಿ, ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಿದ್ದವಳು ನಾನು. ತಣ್ಣಗೇ ಇರುತ್ತಿತ್ತು. ಒಂದು ದಿನವೂ ಕುದಿದಿರಲಿಲ್ಲ. ಫಕೀರವ್ವನ ಕಣ್ಣಿಗೆ ಸಿಡಿದದ್ದೂ ಅದೇ ಹರವಿಯ ಸುಣ್ಣ, ಅಂದು ಬೆಳಿಗ್ಗೆ ನಾನೇ ನೀರು ಹಾಕಿ ಕಲಸಿದ್ದು. ನಲವತ್ತೆರಡು ವರ್ಷ ನನ್ನ ಕೈಗೆ ಗೊತ್ತಿದ್ದ ಮಾತು, ಬೇಕಾದ ಒಂದು ನಿಮಿಷದಲ್ಲಿ ತಲೆಗೆ ಹತ್ತಲಿಲ್ಲ. ನಾನು ದಡ್ಡಿ ಎಂದು ಯಾರಾದರೂ ಅಂದರೆ ಬೇಜಾರಿಲ್ಲ. ದಡ್ಡಿಯಾಗಿದ್ದರೆ ದಾದಾಪೀರನಂತೆ ನೀರು ಹಾಕುತ್ತಿದ್ದೆ.

ಡಾಕ್ಟರು ಬಿಡಿಸಿ ಹೇಳಿದರು. ಸುಟ್ಟ ಸುಣ್ಣಕ್ಕೆ ನೀರಿನ ದಾಹ. ಅದು ನೀರು ಕುಡಿಯುವಾಗಷ್ಟೇ ಕಾದು ಬಿಸಿಯಾಗುತ್ತದೆ. ಅರಳಿದ ಸುಣ್ಣ ಆಗಲೇ ಕುಡಿದು ಮುಗಿಸಿದೆ, ಮತ್ತೆ ಕಾಯುವುದಿಲ್ಲ. ಅದರಲ್ಲಿ ಉಳಿದಿರುವುದು ಕ್ಷಾರ. ಆ್ಯಸಿಡ್ ಬಹುಮಟ್ಟಿಗೆ ಮೇಲೆಯೇ ಸುಟ್ಟು ನಿಲ್ಲುತ್ತದೆ, ಕ್ಷಾರ ಮಾಂಸವನ್ನು ಕರಗಿಸುತ್ತಾ ಒಳಗೆ ಇಳಿಯುತ್ತಾ ಹೋಗುತ್ತದೆ. ಎಣ್ಣೆ ಅದನ್ನು ತೊಳೆಯುವುದಿಲ್ಲ, ಅಲ್ಲೇ ಹಿಡಿದಿಡುತ್ತದೆ. ಒಣ ಸುಟ್ಟ ಸುಣ್ಣವೇ ಬಿದ್ದರೂ ಕಾಳುಗಳನ್ನು ಒರೆಸಿ ತೆಗೆದು ನೀರನ್ನೇ ಹಾಕಬೇಕು, ಹನಿಯಲ್ಲ, ಕೊಡಗಟ್ಟಲೆ. ಅಷ್ಟು ನೀರಿನ ಮುಂದೆ ಕಾವು ನಿಲ್ಲುವುದಿಲ್ಲ.

"ಎಣ್ಣಿ ಹಾಕಿದ ಮ್ಯಾಲ ಉರಿ ಇಳದಿತ್ತಲ್ರಿ?" ಎಂದು ಕೇಳಿದೆ. ಅದೊಂದು ಎಳೆ ಹಿಡಿದು ನಿಂತಿದ್ದೆ.

"ಉರಿ ಇಳದಿದ್ದಿಲ್ಲ ಅಜ್ಜಿ. ಕಣ್ಣಿನ ಅರಿವು ಸತ್ತಿತ್ತು."

ಮೊದಲೇ ನೀರು ಹಾಕಿದ್ದರೆ ಎಂದು ಕೇಳಲು ನನಗೆ ಬಹಳ ಹೊತ್ತು ಹಿಡಿಯಿತು. "ಪೂರಾ ಅಂತ ಹೇಳಂಗಿಲ್ಲ, ಆದ್ರ ಭಾಳಷ್ಟು ಉಳೀತಿತ್ರಿ," ಎಂದರು.

ಒಂಬತ್ತು ದಿನದ ಮೇಲೆ ಫಕೀರವ್ವ ಮನೆಗೆ ಬಂದಳು. ಆ ಕಣ್ಣಿಗೆ ಬೆಳಕು ತಿಳಿಯುತ್ತಿತ್ತು, ಮುಖದ ಮುಂದೆ ಕೈ ಆಡಿಸಿದರೆ ನೆರಳು ತಿಳಿಯುತ್ತಿತ್ತು. ಅದಕ್ಕಿಂತ ಹೆಚ್ಚಿಲ್ಲ. ನೋಡಲು ಬಂದವರಿಗೆಲ್ಲ, "ನಮ್ಮಕ್ಕ ಲಗೂನ ಎಣ್ಣಿ ಹಾಕಿದ್ಲು, ಅದಕ್ಕ ಇಷ್ಟರ ಉಳೀತು," ಎನ್ನುತ್ತಿದ್ದಳು. ಎರಡು ದಿನ ಅದನ್ನು ಕೇಳಿಸಿಕೊಂಡೆ. ಮೂರನೆಯ ದಿನ ಅವಳ ಮುಂದೆ ಕೂತು ಹೇಳಿದೆ.

"ಆವತ್ತ ನೀರ ಹಾಕಿದ್ರ ನಿನ್ನ ಕಣ್ಣು ಉಳೀತಿತ್ತಂತ. ದಾದಾಪೀರ ಹಾಕಾಕ ಬಂದಿದ್ದ. ನಾ ತಂಬಿಗಿ ಬಡದ ಕೆಡವಿದೆ."

ಅವಳು ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಈಗ್ಯಾಕ ಹೇಳಾಕತ್ತಿ?"

"ನಿನಗ ಗೊತ್ತಿರ್ಲಿ ಅಂತ."

"ಗೊತ್ತಾತು. ಏಳು, ರೊಟ್ಟಿ ಬಡಿ."

ಅಷ್ಟೇ. ಆಮೇಲೆ ಎರಡು ತಿಂಗಳು ಅವಳು ನನ್ನ ಜೊತೆ ಮಾತಾಡಲಿಲ್ಲ. ಕೆಲಸಕ್ಕೆ ಬರುತ್ತಿದ್ದಳು, ದಾರ ಕಟ್ಟುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಕೌದಿಯ ಹೊಲಿಗೆ ಸೊಟ್ಟಾಯಿತು. ಹಾನಗಲ್ಲಿನಿಂದ ಬಂದಿದ್ದ ಸೀರೆಗಳನ್ನು ಮಡಿಸಿ ತಾನೇ ವಾಪಸು ಕಳಿಸಿದಳು. ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಅವಳು ಏನಾದರೂ ಉತ್ತರ ಕೊಡಬೇಕಾಗುತ್ತಿತ್ತು, ಅದೂ ಅವಳ ಮೇಲೆಯೇ ಹೊರೆ. ದಾದಾಪೀರನಿಗೆ ಮಾತ್ರ, "ನೀ ಅಂದಿದ್ದ ಖರೇ ಇತ್ತಪಾ," ಎಂದೆ. ಅವನು ಬುಟ್ಟಿಯ ಕಡೆ ನೋಡುತ್ತಾ, "ನೀವು ಬಡದ್ರೂ ನಾ ತಂಬಿಗಿ ಬಿಡಬಾರದಿತ್ರಿ ಆಯಿ," ಎಂದ.

ಅಂಗಳದಲ್ಲಿ ನೀರು ತುಂಬಿದ ಎರಡು ಕೊಡ ಯಾವಾಗಲೂ ಇಡತೊಡಗಿದೆ. ಪ್ಯಾಕೆಟ್ ಒತ್ತಿ ನೋಡುವ ರೂಢಿ ಬಿಟ್ಟೆವು. ಬೋಗುಣಿಯ ನೀರಿನಲ್ಲಿ ಮುಳುಗಿಸಿದರೆ ತೂತಿದ್ದಲ್ಲಿ ಬಿಳಿ ಬಿಡುತ್ತದೆ, ಅಷ್ಟು ಸಾಕು. ಸಂತೆಗೆ ಹೋದಲ್ಲೆಲ್ಲ ಸುಣ್ಣ ಕೊಳ್ಳುವವರಿಗೆ ನೀರಿನ ಮಾತು ಹೇಳತೊಡಗಿದೆ. ಶಿಗ್ಗಾಂವಿಯಲ್ಲಿ ಒಬ್ಬಳು, "ಸುಣ್ಣ ಮಾರಾಕ ಬಂದೀಯೋ, ಸಾಲಿ ಕಲಸಾಕ ಬಂದೀಯೋ?" ಎಂದು ನಕ್ಕಳು.

ಹಿರೇಕೆರೂರಿನ ಸಂತೆಗೆ ಹೋಗುವ ದಿನ ಫಕೀರವ್ವ ತಾನಾಗಿಯೇ ಬಂದು ಬಸ್ಸಿನಲ್ಲಿ ನನ್ನ ಪಕ್ಕ ಕೂತಳು. ಅಲ್ಲಿ ಚಿಕ್ಕೇರೂರಿನ ಕಡೆಯ ಒಬ್ಬ ಮುದುಕ ಸುಣ್ಣ ಹರವಿಕೊಂಡು ಕೂತಿದ್ದ. ನನ್ನ ಮಾತು ಕೇಳಿ ಅವನಿಗೆ ಸಿಟ್ಟು ಬಂತು.

"ಐವತ್ತ ವರ್ಷ ಸುಣ್ಣ ಸುಟ್ಟೇನಿ ನಾನು. ಸುಣ್ಣದ ಮ್ಯಾಲ ನೀರ ಹಾಕು ಅಂತೀಯಲ್ಲ, ತಲಿ ನೆಟ್ಟಗೈತೇನು?"

ನನ್ನ ಬಾಯಿಂದ ಬಂದಿದ್ದ ಮಾತೇ ಅವನ ಬಾಯಿಂದ ಬಂತು. ಅಷ್ಟರಲ್ಲಿ ಫಕೀರವ್ವ ಸೆರಗು ಸರಿಸಿ ಮುಖ ಮುಂದೆ ಮಾಡಿದಳು.

"ನೋಡ್ರಿ ಯಜ್ಜಾ. ಇದು ಎಣ್ಣಿ ಹಾಕಿದ ಕಣ್ಣು."

ಮುದುಕ ನೋಡಿದ. "ಯಾವ ಮಳ್ಳಿ ಹಾಕಿದ್ಲವಾ?"

"ಈಕೀನ," ಎಂದು ಫಕೀರವ್ವ ನನ್ನ ಕಡೆ ಹೆಬ್ಬೆರಳು ತೋರಿಸಿದಳು. "ಈಕಿಗೂ ನಿಮ್ಮಂಗ ಎಲ್ಲಾ ಗೊತ್ತಿತ್ತು."

ಎರಡು ತಿಂಗಳಲ್ಲಿ ಅವಳು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. ನಾನು ಹೌದೆಂದೆ. ಮುದುಕ ದೂರ ಇಟ್ಟಿದ್ದ ತನ್ನ ನೀರಿನ ಕ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡ.

ಈ ಕಸುಬು ನನಗೆ ಕಲಿಸಿದ್ದು ಸುಣ್ಣದ ಗುಣವನ್ನಲ್ಲ, ಅದನ್ನು ಯಾವ ಶಾಲೆಯಾದರೂ ಕಲಿಸುತ್ತದೆ. ನಾನು ಗೊತ್ತಿಲ್ಲದ ಕಡೆ ತಪ್ಪಲಿಲ್ಲ, ಚೆನ್ನಾಗಿ ಗೊತ್ತಿದ್ದ ಕಡೆಯೇ ತಪ್ಪಿದೆ. ಆದ್ದರಿಂದ ಓದುವವರಿಗೆ ಹೇಳುವುದಿಷ್ಟು: ಕಣ್ಣಿಗೆ ಸುಣ್ಣ ಬಿದ್ದರೆ ಎಣ್ಣೆ ಬೇಡ, ಬೆಣ್ಣೆ ಬೇಡ, ಹಾಲು ಬೇಡ. ರೆಪ್ಪೆ ಬಿಡಿಸಿ ಆ ಕ್ಷಣವೇ ನೀರು ಸುರಿಯಿರಿ, ಅರ್ಧ ತಾಸು ಬಿಡದೆ ಸುರಿಯಿರಿ, ಆಮೇಲೆ ದವಾಖಾನೆಗೆ ಓಡಿ. ನನ್ನಂಥ ಹಿರಿಯಳೊಬ್ಬಳು ಅಡ್ಡ ಬಂದರೆ ಅವಳನ್ನು ಆಚೆ ನೂಕಿ ನೀರು ಹಾಕಿ.