ಲೀಲಾಧರನ ಕಿವಿ

ಕಾಪುವಿನ ಲೀಲಾಧರನಿಗೆ ಹೊಟ್ಟೆಕಿಚ್ಚು ಇತ್ತು ಎಂದರೆ ಅವನನ್ನು ಬಲ್ಲವರು ಯಾರೂ ನನ್ನ ಮೇಲೆ ಸಿಟ್ಟಾಗಲಾರರು. ಅವನು ಅದನ್ನು ಮುಚ್ಚಿಟ್ಟವನೇ ಅಲ್ಲ. ಐವತ್ತಮೂರು ವರ್ಷ, ಮೀನುಗಾರರ ಮನೆತನ, ಹೆದ್ದಾರಿಯ ಪಕ್ಕ ತಗಡಿನ ಮಾಡಿನ ಬೈಕ್ ಗ್ಯಾರೇಜು, ಕೈತುಂಬ ಕೆಲಸ. ಇಷ್ಟೆಲ್ಲ ಇದ್ದರೂ ಬೆಳಿಗ್ಗೆ ಚಹಾ ಕುಡಿಯುವಾಗ ಅವನ ಬಾಯಿಂದ ಬರುವ ಮೊದಲ ಹೆಸರು ಆಲ್ಫೋನ್ಸನದು. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಬೈಕ್ ಕಟ್ಟುವ ಆಲ್ಫೋನ್ಸ್. ಅವನ ಗೆಳೆಯ ಹೌದು. ಅದೇ ದೊಡ್ಡ ಕಷ್ಟ.

ಇಬ್ಬರೂ ಉಡುಪಿಯ ಗುಣಪಾಲ ಮೇಸ್ತ್ರಿಯ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ಒಟ್ಟಿಗೆ ಗ್ರೀಸು ತಿಂದವರು. ಗುಣಪಾಲ ಹೊಗಳುವ ಜಾತಿಯ ಮನುಷ್ಯನಲ್ಲ. ಗ್ಯಾರೇಜು ಮುಚ್ಚುವ ದಿನ ಮಾತ್ರ ಒಂದು ಮಾತು ಹೇಳಿದ: "ಆಲ್ಫೋನ್ಸನಿಗೆ ಕೈ ಉಂಟು, ಲೀಲನಿಗೆ ಕಿವಿ ಉಂಟು." ಹೇಳಿ, ತನ್ನ ಉದ್ದನೆಯ ಮರದ ಹಿಡಿಯ ಸ್ಕ್ರೂಡ್ರೈವರನ್ನು ಲೀಲಾಧರನಿಗೆ ಕೊಟ್ಟ. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರೆ ಒಳಗಿನದ್ದೆಲ್ಲ ಕೇಳುತ್ತದೆ. ಅದಕ್ಕೆ ಮೆಕ್ಯಾನಿಕ್ಕುಗಳು ಕಿವಿ ಇಡುವುದು ಎನ್ನುತ್ತಾರೆ. ಎಲ್ಲರೂ ಕಿವಿ ಇಡುತ್ತಾರೆ, ಲೀಲಾಧರನಿಗೆ ಕೇಳಿದಷ್ಟು ಯಾರಿಗೂ ಕೇಳುವುದಿಲ್ಲ. ಯಾವ ವಾಲ್ವು ಸಡಿಲ, ಯಾವ ಬೇರಿಂಗು ಇನ್ನೊಂದು ತಿಂಗಳು ಬಾಳುತ್ತದೆ ಎಂದು ಅವನು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದ.

ಆದರೆ ಕೈ ಮಾಡಿದ್ದು ಕಣ್ಣಿಗೆ ಕಾಣುತ್ತದೆ, ಕಿವಿ ಕೇಳಿದ್ದು ಯಾರಿಗೆ ಕಾಣಬೇಕು? ಆಲ್ಫೋನ್ಸ್ ಹಳೆಯ ಬೈಕುಗಳನ್ನು ಬಿಚ್ಚಿ ತನಗೆ ಬೇಕಾದ ಹಾಗೆ ಕಟ್ಟತೊಡಗಿದ. ಟ್ಯಾಂಕು ತನ್ನದೇ ಬಡಿತ, ಸೈಲೆನ್ಸರು ತನ್ನದೇ ಬಾಗು. ಮಣಿಪಾಲದ ಕಾಲೇಜಿನವರು ಸಾಲುಗಟ್ಟಿದರು. ಕೊನೆಗೆ ಎರಡು ಬುಲೆಟ್ ಎಂಜಿನ್‌ಗಳನ್ನು ಒಂದೇ ಹೊಟ್ಟೆಗೆ ಜೋಡಿಸಿ, ಎರಡು ಸಿಲಿಂಡರಿನ ಬೈಕ್ ಮಾಡುತ್ತೇನೆ ಎಂದು ಹೊರಟ. ಎರಡು ವರ್ಷ ಅದರ ಮೇಲೆಯೇ ಕೂತ.

"ಕಂಪನಿಯವರು ಬುದ್ಧಿ ಇಲ್ಲದೆ ಒಂದು ಸಿಲಿಂಡರ್ ಕೊಟ್ಟದ್ದಾ?" ಎಂದು ಲೀಲಾಧರ ಚಹಾದಂಗಡಿಯಲ್ಲಿ ಕೇಳುತ್ತಿದ್ದ.

"ಹಾಗಲ್ಲ ಲೀಲಣ್ಣ," ಎನ್ನುತ್ತಿದ್ದ ಪ್ರವೀಣ್. ಮಲ್ಪೆಯಿಂದ ಮೀನು ತಂದು ಮಾರುವವನು, ಬೈಕಿನ ಹುಚ್ಚ, ಭಾನುವಾರ ಬಂತೆಂದರೆ ಹದಿನೈದು ಜನರ ಜೊತೆ ಹೆಬ್ರಿಯ ಕಡೆ ಸವಾರಿ ಹೋಗುವವನು. "ಕಂಪನಿಯ ಬೈಕು ಎಲ್ಲರದ್ದು. ಕಟ್ಟಿಸಿದ ಬೈಕು ನನ್ನದು ಮಾತ್ರ. ಅದರಲ್ಲಿ ಒಂದು ಮಜಾ ಉಂಟು."

"ಮಜಾ ಅಲ್ಲ, ಮಂಗಾಟ."

ಅಷ್ಟರಲ್ಲಿ ಟಿವಿಯವರು ಬಂದರು. 'ಗಾಡಿ ಗಮ್ಮತ್ತು' ಎಂಬ ಕಾರ್ಯಕ್ರಮ, ನಮ್ಮ ಕಡೆ ಬೈಕು ಇರುವ ಪ್ರತಿ ಮನೆಯಲ್ಲಿ ನೋಡುತ್ತಾರೆ. ಲೀಲಾಧರನೂ ಒಂದು ವಾರವೂ ತಪ್ಪಿಸದೆ ನೋಡುತ್ತಿದ್ದ, ನೋಡಿ ಬೈಯುತ್ತಿದ್ದ. "ಮೂರು ತಿಂಗಳ ಕೆಲಸ ಮೂರು ನಿಮಿಷದಲ್ಲಿ ತೋರಿಸ್ತಾರೆ. ಇವರ ಕೈಗೆ ಗ್ರೀಸ್ ಹಿಡಿಯುವುದೇ ಇಲ್ಲ ಅಲ್ವಾ?" ಎಂದು ಹೆಂಡತಿ ಶಶಿಕಲಾಳನ್ನು ಕೇಳುತ್ತಿದ್ದ. ಅದೇ ಕಾರ್ಯಕ್ರಮದವರು ಆಲ್ಫೋನ್ಸನ ಬೈಕಿನ ಮೊದಲ ಸವಾರಿಯನ್ನು ಚಿತ್ರೀಕರಿಸುತ್ತಾರೆ ಎಂದು ಪ್ರವೀಣ್ ಸುದ್ದಿ ತಂದ ದಿನ ಲೀಲಾಧರನಿಗೆ ಊಟ ಸೇರಲಿಲ್ಲ.

"ಬಂಗುಡೆ ಖಾರ ಆಯ್ತಾ?" ಎಂದಳು ಶಶಿಕಲಾ.

"ಬಂಗುಡೆ ಸರಿ ಉಂಟು."

"ಹಾಗಾದರೆ ಖಾರ ಆದದ್ದು ಬೇರೆ ಎಂತದೋ," ಎಂದು ಅವಳು ತಟ್ಟೆ ಎತ್ತಿದಳು.

ಚಿತ್ರೀಕರಣಕ್ಕೆ ಎರಡು ದಿನ ಇರುವಾಗ ಆಲ್ಫೋನ್ಸನ ಫೋನು ಬಂತು. "ಲೀಲಾ, ಒಮ್ಮೆ ಬಂದು ಕಿವಿ ಇಡು ಮಾರಾಯ. ನೀನು ಸರಿ ಉಂಟು ಅಂದರೆ ಮಾತ್ರ ನಾನು ಕ್ಯಾಮೆರಾದ ಎದುರು ಅದನ್ನು ಹತ್ತುವುದು."

ಲೀಲಾಧರ ಸ್ಕ್ರೂಡ್ರೈವರು ಹಿಡಿದುಕೊಂಡು ಕುಕ್ಕುಂದೂರಿಗೆ ಹೋದ. ಶೆಡ್ಡಿನ ನಡುವೆ ಆ ಬೈಕು ನಿಂತಿತ್ತು. ಏನಾದರೂ ಕೊಂಕು ಹುಡುಕಬೇಕೆಂದೇ ಸುತ್ತ ಎರಡು ಸಲ ನಡೆದ. ಸಿಗಲಿಲ್ಲ. ಎರಡೂ ಸಿಲಿಂಡರು ಒಂದೇ ಬುಡದಿಂದ ಎದ್ದ ಎರಡು ತೆಂಗಿನ ಹಾಗೆ ಒಂದು ಮುಂದಕ್ಕೆ, ಒಂದು ಹಿಂದಕ್ಕೆ ವಾಲಿದ್ದವು. ಇದನ್ನು ಮಾಡಲು ತನ್ನಿಂದ ಈ ಜನ್ಮದಲ್ಲಿ ಆಗುತ್ತಿರಲಿಲ್ಲ ಎಂದು ಅವನಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ಮೈಯೆಲ್ಲ ಉರಿಯಿತು.

ಆಲ್ಫೋನ್ಸ್ ಕಿಕ್ ಹೊಡೆದ. ಲೀಲಾಧರ ಮಂಡಿಯೂರಿ ಕಿವಿ ಇಟ್ಟ. ಮುಂದಿನದು ಸರಿ. ಹಿಂದಿನ ಸಿಲಿಂಡರಿನ ಬುಡಕ್ಕೆ ತುದಿ ಒತ್ತಿದ. ಕೇಳಿತು. ಯಾರೋ ಉಗುರಿನಲ್ಲಿ ತೆಂಗಿನ ಗೆರಟೆ ಬಡಿದ ಹಾಗೆ ಟಿಕ್, ಟಿಕ್. ಕನೆಕ್ಟಿಂಗ್ ರಾಡಿನ ಬೇರಿಂಗು. ಹೊರಗೆ ನಿಂತವರಿಗೆ ಕೇಳುವ ಶಬ್ದವಲ್ಲ. ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರು ಬಾಳೀತು.

"ಎಂತ?" ಎಂದ ಆಲ್ಫೋನ್ಸ್.

ಹೇಳುವುದಕ್ಕೆ ಒಂದು ಉಸಿರು ಸಾಕಿತ್ತು. ಹೇಳಿದರೆ ಬಿಚ್ಚುತ್ತಾನೆ, ಸರಿ ಮಾಡುತ್ತಾನೆ, ಟಿವಿಯಲ್ಲಿ ಮೆರೆಯುತ್ತಾನೆ. ಕ್ಯಾಮೆರಾದ ಎದುರು ಒಮ್ಮೆ ಕೆಟ್ಟು ನಿಲ್ಲಲಿ, ನಾಲ್ಕು ಜನ ನಗಲಿ. ಅಷ್ಟೇ ಅವನು ಬಯಸಿದ್ದು. ಯಾರಾದರೂ ಬೀಳಬೇಕೆಂದು ಅವನು ಬಯಸಲಿಲ್ಲ, ಇದನ್ನು ನಾನು ಅವನ ಪರವಾಗಿ ಹೇಳಲೇಬೇಕು.

"ಎಂತ ಇಲ್ಲ," ಎಂದ ಲೀಲಾಧರ. "ಸರಿ ಉಂಟು."

ಆಲ್ಫೋನ್ಸ್ ಅವನ ಬೆನ್ನಿಗೆ ಒಂದು ಗುದ್ದಿ, ಒಳಗೆ ಹೆಂಡತಿ ಲೊರ್ನಾಳಿಗೆ ಕಾಫಿ ಇಡಲು ಕೂಗಿದ.

ಚಿತ್ರೀಕರಣದ ದಿನ ಹೆಬ್ರಿ ರಸ್ತೆಯಲ್ಲಿ, ಸವಾರಿ ಶುರುವಾಗಿ ಹದಿನಾಲ್ಕನೆಯ ಕಿಲೋಮೀಟರಿಗೆ ಎಂಜಿನ್ ಕಚ್ಚಿಕೊಂಡಿತು. ಹಿಂದಿನ ಚಕ್ರ ನಿಂತೇ ಹೋಯಿತು, ಬೈಕು ಜಾರಿ ಚರಂಡಿಗೆ ಬಿತ್ತು. ಆಲ್ಫೋನ್ಸನ ಬಲ ಮೊಣಕೈಯ ಚರ್ಮ ಒಂದು ಅಂಗೈಯಷ್ಟು ಎದ್ದುಬಂತು. ಸುದ್ದಿ ಕೇಳಿದ ಲೀಲಾಧರ ಹೋಗಿ ನೋಡಲಿಲ್ಲ. ಕೆಲಸ ಉಂಟು ಎಂದ.

ಟಿವಿಯವರಿಗೆ ಅದರಲ್ಲೂ ಗಮ್ಮತ್ತು ಕಂಡಿತು, ಬಿದ್ದದ್ದನ್ನೂ ತೋರಿಸಿದರು. ಎರಡು ವಾರ ಕಳೆದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ ಬಂತು. ಲೀಲಾಧರ ಒಬ್ಬನೇ ಕುರ್ಚಿಯ ತುದಿಯಲ್ಲಿ ಕೂತು ನೋಡಿದ. ಕೈಗೆ ಬ್ಯಾಂಡೇಜು ಸುತ್ತಿಕೊಂಡ ಆಲ್ಫೋನ್ಸನನ್ನು ನಿರೂಪಕ ಏನಾಯಿತು ಎಂದು ಕೇಳಿದ.

"ಕಾಪುವಿನಲ್ಲಿ ಲೀಲಾಧರ ಅಂತ ನನ್ನ ದೋಸ್ತಿ ಇದ್ದಾನೆ," ಎಂದ ಆಲ್ಫೋನ್ಸ್. "ಅವನಷ್ಟು ಒಳ್ಳೆಯ ಕಿವಿ ಈ ಜಿಲ್ಲೆಯಲ್ಲಿ ಯಾರಿಗೂ ಇಲ್ಲ. ಅವನು ಕಿವಿ ಇಟ್ಟು ಸರಿ ಉಂಟು ಅಂದಿದ್ದ. ಆಮೇಲೆ ನಾನು ಎಣ್ಣೆಯ ಪೈಪನ್ನು ಸರಿ ಬಿಗಿಯಲಿಲ್ಲ. ತಪ್ಪು ನನ್ನದೇ."

ಲೀಲಾಧರ ಇಷ್ಟು ವರ್ಷ ಯಾವುದಕ್ಕೆ ಕಾದಿದ್ದನೋ ಅದು ಬಂದಿತ್ತು. ಅವನ ಹೆಸರು ಟಿವಿಯಲ್ಲಿ. ಪ್ರವೀಣ್ ಬೈಕಿನವರನ್ನೆಲ್ಲ ಕಟ್ಟಿಕೊಂಡು ಗ್ಯಾರೇಜಿಗೆ ಬಂದು ಫೋಟೋ ತೆಗೆಸಿಕೊಂಡ. ಕುಂದಾಪುರದಿಂದೆಲ್ಲ ಜನ ಬೈಕು ತಂದು "ಒಮ್ಮೆ ಕಿವಿ ಇಡಿ" ಎಂದರು. ಲೀಲಾಧರ ಇಟ್ಟ. ಪ್ರತಿ ಎಂಜಿನ್ನಿನಲ್ಲೂ ಅವನಿಗೆ ಅದೇ ಟಿಕ್ ಟಿಕ್ ಕೇಳುತ್ತಿತ್ತು, ಸ್ಕ್ರೂಡ್ರೈವರು ತೆಗೆದು ಮತ್ತೊಮ್ಮೆ ಇಡಬೇಕಾಗುತ್ತಿತ್ತು.

ಒಂದು ಮಂಗಳವಾರ ಆಲ್ಫೋನ್ಸನೇ ಬಂದ. ಗಿರಾಕಿಗಳು ಹೋಗುವವರೆಗೆ ಸುಮ್ಮನೆ ಕಾದು, ಸ್ಟೂಲು ಹತ್ತಿರ ಎಳೆದುಕೊಂಡ.

"ಟಿವಿಯಲ್ಲಿ ಹೇಳಿದ್ದು ಸುಳ್ಳು ಲೀಲಾ. ಪೈಪಿಗೆ ಎಂತ ಆಗಲಿಲ್ಲ. ಎಂಜಿನ್ ಬಿಚ್ಚಿ ನೋಡಿದೆ. ಹಿಂದಿನ ರಾಡಿನ ಬೇರಿಂಗು ಮೊದಲೇ ಹೋಗಿತ್ತು. ನೀನು ಬಂದ ದಿನ ಅದು ಶಬ್ದ ಮಾಡದೆ ಇರುವ ಚಾನ್ಸೇ ಇಲ್ಲ."

ಲೀಲಾಧರ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಸಿಕ್ಕಿಬಿದ್ದೆ ಎಂದುಕೊಂಡ.

"ನಿನಗೆ ಕೇಳಲಿಲ್ಲ," ಎಂದ ಆಲ್ಫೋನ್ಸ್ ಮೆಲ್ಲಗೆ. "ಅದಕ್ಕೆ ನೀನು ಬೇಜಾರು ಮಾಡಬೇಡ. ಸಣ್ಣದಿರುವಾಗಲೇ ದೋಣಿಯ ಎಂಜಿನ್ ಹತ್ತಿರ ಬೆಳೆದವನು ನೀನು. ಮೇಲಿಂದ ಮೂವತ್ತು ವರ್ಷ ಈ ಸೈಲೆನ್ಸರುಗಳ ಗಲಾಟೆ. ಯಾರ ಕಿವಿ ಆದರೂ ಹೋಗ್ತದೆ. ನಾನು ಯಾರಿಗೂ ಹೇಳಲಿಲ್ಲ, ಲೊರ್ನಾಳಿಗೂ ಹೇಳಲಿಲ್ಲ. ಮಣಿಪಾಲದಲ್ಲಿ ಕಿವಿ ನೋಡುವವರ ಹತ್ತಿರ ಹೆಸರು ಬರೆಸಿದ್ದೇನೆ. ಹೊರಡು."

ಬೇಡ ಎನ್ನಲು ಲೀಲಾಧರನಿಗೆ ಕಾರಣ ಸಿಗಲಿಲ್ಲ. ಲೊರ್ನಾಳ ಹೆಲ್ಮೆಟ್ಟು ಹಾಕಿಕೊಂಡು ಆಲ್ಫೋನ್ಸನ ಹಿಂದೆ ಕೂತ. ಮೊಣಕೈಯ ಗಾಯ ಮಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ್ದು ದಾರಿಯುದ್ದಕ್ಕೂ ಅವನ ಕಣ್ಣೆದುರೇ ಇತ್ತು.

ಕ್ಲಿನಿಕ್ಕಿನಲ್ಲಿ ಕಾವ್ಯ ಎಂಬ ಹುಡುಗಿ ಅವನನ್ನು ಒಂದು ಸಣ್ಣ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟಳು. "ಎಷ್ಟು ಸಣ್ಣ ಶಬ್ದ ಕೇಳಿದರೂ ಒತ್ತಬೇಕು, ಆಯ್ತಾ?" ಎಂದು ಬಾಗಿಲು ಹಾಕಿದಳು.

ದಾರಿ ಸುಲಭ ಇತ್ತು. ಸಣ್ಣ ಶಬ್ದ ಬಂದಾಗ ಒತ್ತದಿದ್ದರೆ ಆಯಿತು. ಕಿವಿ ಹೋಗಿದೆ ಎಂದು ಕಾಗದದಲ್ಲಿ ಬರುತ್ತದೆ, ಸುಳ್ಳು ಮುಚ್ಚಿಹೋಗುತ್ತದೆ, ಗೆಳೆಯ ಉಳಿಯುತ್ತಾನೆ. ದೊಡ್ಡ ಶಬ್ದಗಳಿಗೆ ಒತ್ತಿದ. ಶಬ್ದ ಇಳಿಯಿತು. ಒಂದು ಬಂತು, ಒತ್ತಲಿಲ್ಲ. ಇನ್ನೊಂದು ಬಂತು, ಬೆರಳು ಬಿಗಿ ಹಿಡಿದ. ಬಾಗಿಲಿನ ಗಾಜಿನ ಆಚೆ ಆಲ್ಫೋನ್ಸ್ ಕುರ್ಚಿಯಲ್ಲಿ ಕೂತು ಅವನನ್ನೇ ನೋಡುತ್ತಿದ್ದ. ಪಾಪ ಎಂಬ ಮುಖ. ಆ ಮುಖವನ್ನು ಲೀಲಾಧರನಿಂದ ಸಹಿಸಲಾಗಲಿಲ್ಲ. ಕೈ ಅವನದು, ಬೈಕು ಅವನದು, ಟಿವಿ ಅವನದು. ಈಗ ಕಿವಿಯೂ ಇಲ್ಲವೆಂದರೆ ತನಗೆ ಉಳಿದದ್ದೇನು? ಹೊಟ್ಟೆಯೊಳಗಿನ ಆ ಹಳೆಯ ಕಿಚ್ಚು ನೆತ್ತಿಗೇರಿತು. ಮುಂದಿನ ಶಬ್ದಕ್ಕೆ ಒತ್ತಿದ. ಅದಕ್ಕಿಂತ ಸಣ್ಣದಕ್ಕೆ ಒತ್ತಿದ. ಸೊಳ್ಳೆಯ ಉಸಿರಿನಷ್ಟು ಸಣ್ಣದಕ್ಕೂ ಒತ್ತಿದ. ಬಿಟ್ಟವುಗಳನ್ನು ಕಾವ್ಯ ಇನ್ನೊಮ್ಮೆ ಕೇಳಿಸಿದಳು, ಅವಕ್ಕೂ ಒತ್ತಿದ.

ಹೊರಗೆ ಬಂದಾಗ ಅವಳು ಕಾಗದವನ್ನು ಆಲ್ಫೋನ್ಸನ ಕೈಗೇ ಕೊಟ್ಟಳು. "ಇವರ ಕಿವಿಗೆ ಎಂತ ತೊಂದರೆಯೂ ಇಲ್ಲ. ಈ ಪ್ರಾಯದವರಲ್ಲಿ ಇಂಥ ರಿಪೋರ್ಟ್ ನಾನು ನೋಡಲೇ ಇಲ್ಲ."

ಆಲ್ಫೋನ್ಸನ ಮುಖ ಅರಳಿತು. ನಿಜವಾಗಿ ಅರಳಿತು, ಬಾಯಿ ತೆರೆದು ನಕ್ಕ. ಆಮೇಲೆ ಆ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಾಗೇ ನಿಂತಿತು. ಕಾಗದವನ್ನು ಮಡಚುತ್ತ ಅವನು ಬೈಕಿನ ಹತ್ತಿರ ಬಂದ.

"ಆ ದಿನ ಕೇಳಿತ್ತಾ ನಿನಗೆ?"

"ಕೇಳಿತ್ತು."

"ಹಿಂದಿನದ್ದಾ?"

"ಹಿಂದಿನದ್ದೇ."

ಆಲ್ಫೋನ್ಸ್ ಅವನ ಕೈಯಿಂದ ಲೊರ್ನಾಳ ಹೆಲ್ಮೆಟ್ಟನ್ನು ತೆಗೆದುಕೊಂಡು ಹಿಂದಿನ ಸೀಟಿಗೆ ಕಟ್ಟಿದ. ಗಂಟು ಸರಿಯಾಗಿ ಬಿತ್ತೇ ಎಂದು ಎರಡು ಸಲ ಎಳೆದು ನೋಡಿದ. "ಕಾಪುವಿಗೆ ಬಸ್ಸು ಉಂಟು," ಎಂದ. ಕಿಕ್ ಹೊಡೆದು ಹೊರಟ.

ಬೈಕು ಗೇಟು ದಾಟುವಾಗ ಲೀಲಾಧರನಿಗೆ ಚೈನಿನ ಶಬ್ದ ಕೇಳಿತು. ಸಡಿಲವಾಗಿತ್ತು. ಬರುವಾಗಲೇ ಕೇಳಿತ್ತು, ಇಳಿದ ಮೇಲೆ ಹೇಳಬೇಕೆಂದುಕೊಂಡಿದ್ದ. "ಆಲ್ಫೋನ್ಸ್, ಚೈನ್ ಸಡಿಲ ಉಂಟು," ಎಂದು ಕೂಗಿದ. ಗೇಟಿನವರೆಗೆ ಓಡಿ ಇನ್ನೊಮ್ಮೆ ಕೂಗಿದ. ಹೆಲ್ಮೆಟ್ಟಿನೊಳಗಿದ್ದವನಿಗೆ ಕೇಳಲಿಲ್ಲ. ಪರ್ಕಳದ ಇಳಿಜಾರಿನಲ್ಲಿ ಗೇರು ಬದಲಾದದ್ದು, ಆಮೇಲೂ ಚೈನು ಬಡಿದದ್ದು ಲೀಲಾಧರನಿಗೆ ತುಂಬ ಹೊತ್ತು ಸ್ಪಷ್ಟವಾಗಿ ಕೇಳುತ್ತಲೇ ಇತ್ತು.